ಬೆಲೆಯನ್ನು ಯಾವುದರಿಂದ ಭಾಗಿಸಬೇಕು?

ಒಂದೇ ಸಾಮಾನಿನ ಚಿಕ್ಕ ಪ್ಯಾಕೆಟ್ ಮತ್ತು ದೊಡ್ಡ ಪ್ಯಾಕೆಟ್ ಪಕ್ಕಪಕ್ಕ ಇದ್ದರೆ ಕೈ ತಾನಾಗಿ ದೊಡ್ಡದರ ಕಡೆ ಹೋಗುತ್ತದೆ. ದೊಡ್ಡದು ಅಂದ್ರೆ ಅಗ್ಗ ಅಂತ ನಮ್ಮ ನಂಬಿಕೆ. ಎಷ್ಟೋ ಸಲ ಅದು ನಿಜವೇ, ಅದಕ್ಕೇ ನಾವು ಲೆಕ್ಕ ಹಾಕಿ ನೋಡುವ ಗೋಜಿಗೆ ಹೋಗುವುದಿಲ್ಲ, ಹಾಗಾಗಿ ದೊಡ್ಡ ಪ್ಯಾಕೆಟ್ಟೇ ದುಬಾರಿ ಆಗಿರುವ ದಿನ ಅದು ಕಣ್ಣಿಗೇ ಬೀಳುವುದಿಲ್ಲ.

400 ಗ್ರಾಮಿಗೆ 120, 650 ಗ್ರಾಮಿಗೆ 208 ಅಂತ ಇಟ್ಟುಕೊಳ್ಳಿ. ಯಾವ ದೇಶದ ದುಡ್ಡಾದರೂ ಸರಿ. ಬೆಲೆಯನ್ನು ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ಚಿಕ್ಕದು 100 ಗ್ರಾಮಿಗೆ 30, ದೊಡ್ಡದು 32. ಇದೇ ಯೂನಿಟ್ ಬೆಲೆ. ಫೋನ್ ತೆಗೆಯಲು ಬೇಜಾರಾದರೆ ಹೀಗೂ ಮಾಡಬಹುದು: ಚಿಕ್ಕದರ ದರದಲ್ಲಿ ಇನ್ನೂ 250 ಗ್ರಾಂ ಕೊಂಡರೆ 75, ಒಟ್ಟು 195. ದೊಡ್ಡದಕ್ಕೆ 208 ಕೇಳುತ್ತಿದ್ದಾರೆ. ಮುಗೀತು.

ಕೆಲವು ಕಡೆ ಈ ಭಾಗಾಕಾರವನ್ನು ಅಂಗಡಿಯವರೇ ಮಾಡಿ ಶೆಲ್ಫಿನ ಲೇಬಲ್ ಮೇಲೆ ಹಾಕಿರುತ್ತಾರೆ. ಯುರೋಪಿಯನ್ ಒಕ್ಕೂಟ 1998ರಲ್ಲೇ ಇದಕ್ಕೆ ನಿಯಮ ಮಾಡಿತು, ಆಸ್ಟ್ರೇಲಿಯಾ 2009ರಲ್ಲಿ ದೊಡ್ಡ ಅಂಗಡಿಗಳಿಗೆ ಕಡ್ಡಾಯ ಮಾಡಿತು. 2018ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ಐಎಸ್‌ಒ ಕೂಡ ಯೂನಿಟ್ ಬೆಲೆ ಹೇಗೆ ತೋರಿಸಬೇಕು ಅಂತ ಮಾರ್ಗದರ್ಶಿ ತಂದಿತು. ಆದರೂ ಆ ಚಿಕ್ಕ ಅಕ್ಷರಗಳನ್ನು ಎಚ್ಚರಿಕೆಯಿಂದ ಓದಬೇಕು. ಒಂದರ ಮೇಲೆ ಕೆಜಿಗೆ ಇಷ್ಟು ಅಂತ, ಪಕ್ಕದ್ದರ ಮೇಲೆ 100 ಗ್ರಾಮಿಗೆ ಇಷ್ಟು ಅಂತ ಇದ್ದರೆ ಕಣ್ಣು ಮೋಸ ಹೋಗುತ್ತದೆ. ಆಫರ್ ಇದ್ದಾಗ ಕೆಳಗಿನ ಯೂನಿಟ್ ಬೆಲೆ ಹಳೆಯದೇ ಉಳಿದಿರುವುದೂ ಉಂಟು.

ಇಲ್ಲಿವರೆಗೆ ಬರೀ ಗಣಿತ. ನನಗೆ ನಿಜವಾಗಿ ತಲೆ ಕೆಡಿಸುವುದು ಬೇರೆ: ಭಾಗಿಸುವುದೇನೋ ಸರಿ, ಆದರೆ ಯಾವುದರಿಂದ? ಬಟ್ಟೆ ಒಗೆಯುವ ಲಿಕ್ವಿಡ್ ತಗೊಳ್ಳಿ. ಲೀಟರ್ ಲೆಕ್ಕದಲ್ಲಿ ಅಗ್ಗ ಅನ್ನಿಸುವ ಕ್ಯಾನು ನೀರುನೀರಾಗಿ ಇದ್ದು ಒಂದು ಸಲಕ್ಕೆ 80 ಎಂಎಲ್ ಬೇಡಬಹುದು, ದುಬಾರಿ ಕಂಡ ಗಟ್ಟಿ ಲಿಕ್ವಿಡ್ 40 ಎಂಎಲ್‌ನಲ್ಲೇ ಕೆಲಸ ಮುಗಿಸಬಹುದು. ಇಲ್ಲಿ ಲೀಟರಿನಿಂದ ಭಾಗಿಸಿದರೆ ಉತ್ತರ ತಪ್ಪು, ಎಷ್ಟು ಸಲ ಒಗೆಯಬಹುದೋ ಅದರಿಂದ ಭಾಗಿಸಬೇಕು. ಟಾಯ್ಲೆಟ್ ಪೇಪರ್ ಹಾಗೇ. ರೋಲ್ ಎಷ್ಟು ಅನ್ನುವುದಕ್ಕೆ ಏನೂ ಅರ್ಥ ಇಲ್ಲ, ಒಂದು ರೋಲಿನಲ್ಲಿ ಎಷ್ಟು ಹಾಳೆ, ಎಷ್ಟು ಪದರ, ಹಾಳೆ ಎಷ್ಟು ಉದ್ದ ಅಂತ ನೋಡಬೇಕು. ಡಬ್ಬಿಯಲ್ಲಿ ನೀರಿನ ಜೊತೆ ಬರುವ ಕಾಳು, ತರಕಾರಿಗೆ ನೀರು ಬಸಿದ ಮೇಲಿನ ತೂಕವನ್ನು ಬೇರೆಯಾಗಿ ಹಾಕಿದ್ದರೆ ಅದನ್ನೇ ಹಿಡಿಯಿರಿ, ಉಳಿದದ್ದು ನಾವು ಸಿಂಕಿಗೆ ಸುರಿಯುವ ನೀರು. ಐಸ್‌ಕ್ರೀಮಿನಲ್ಲಂತೂ ಗಾಳಿ ಸೇರಿರುತ್ತದೆ, ಕೆಲವದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು. ಎಂಎಲ್ ಲೆಕ್ಕದಲ್ಲಿ ಒಂದೇ ಅಳತೆಯ ಎರಡು ಡಬ್ಬ ಎತ್ತಿ ನೋಡಿ, ಒಂದು ಹಗುರ ಇರಬಹುದು. ತೂಕವೂ ಬರೆದಿದ್ದರೆ ತೂಕದಿಂದಲೇ ಭಾಗಿಸಿ. ಅಡುಗೆ ಎಣ್ಣೆಯಲ್ಲಿ ಇದು ಉಲ್ಟಾ ಕಾಟ ಕೊಡುತ್ತದೆ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ಹಾಗಾಗಿ ಒಂದು ಲೀಟರ್ ಮತ್ತು ಒಂದು ಕೆಜಿ ಒಂದೇ ಅಂದುಕೊಂಡು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಆಫರ್ ವಿಷಯಕ್ಕೆ ಬಂದರೆ, ಶೇ. 50 ಹೆಚ್ಚು ಉಚಿತ ಅಂತ ದಪ್ಪಕ್ಷರದಲ್ಲಿ ಬರೆದಿದ್ದರೆ ಅರ್ಧ ಬೆಲೆ ಅಂತ ಅನ್ನಿಸುತ್ತೆ ಅಲ್ವಾ? ಅಲ್ಲ. ಅದೇ ದುಡ್ಡಿಗೆ ಒಂದೂವರೆ ಪಟ್ಟು ಸಾಮಾನು, ಅಂದರೆ ಸುಮಾರು ಶೇ. 33 ರಿಯಾಯಿತಿ. ಶೇ. 40 ಡಿಸ್ಕೌಂಟ್ ಅಂತ ಸಣ್ಣದಾಗಿ ಬರೆದ ಪಕ್ಕದ ಪ್ಯಾಕೆಟ್ಟೇ ಒಳ್ಳೆಯದು, ಮೊದಲು ಎರಡರ ದರವೂ ಒಂದೇ ಇದ್ದರೆ. ಎರಡು ಕೊಂಡರೆ ಒಂದು ಉಚಿತ ಅನ್ನುವುದೂ ಅದೇ ಶೇ. 33, ಅದೂ ಮೂರನ್ನೂ ಬಳಸಿದರೆ ಮಾತ್ರ.

ಬಳಸಿದರೆ ಅಂದೆನಲ್ಲ, ದುಡ್ಡು ಹೆಚ್ಚು ಸೋರುವುದು ಅಲ್ಲೇ. ದೊಡ್ಡ ಪ್ಯಾಕೆಟ್ ಶೇ. 20 ಅಗ್ಗ ಇದ್ದರೆ ಅದರಲ್ಲಿ ಶೇ. 20 ಬಿಸಾಡಿದ ಕೂಡಲೇ ಲಾಭ ಪೂರ್ತಿ ಹೋಯಿತು, ಚಿಕ್ಕದನ್ನು ಕೊಂಡು ಪೂರ್ತಿ ಬಳಸಿದ್ದರೂ ಒಂದೇ ಖರ್ಚು. ಎಷ್ಟು ಶೇಕಡಾ ಅಗ್ಗವೋ ಅಷ್ಟು ಶೇಕಡಾ ಹಾಳಾಗುವವರೆಗೆ ನಷ್ಟ ಇಲ್ಲ, ಅದರಾಚೆ ನಷ್ಟ. ಅಂಗಡಿಯಲ್ಲಿ ನಿಂತು ಯೋಚಿಸಲು ಇಷ್ಟು ಸಾಕು. ಬೇಗ ಕೆಡುವ ಸಾಮಾನಿಗೆ ನಾನು ಯೂನಿಟ್ ಬೆಲೆಯನ್ನು ಹೆಚ್ಚು ನಂಬುವುದಿಲ್ಲ, ಸೋಪು, ಬ್ಯಾಟರಿಯಂಥ ಬೇಗ ಕೆಡದವಕ್ಕೆ ನಂಬುತ್ತೇನೆ. ಅದರಲ್ಲೂ ಒಂದು ತೊಡಕಿದೆ. ಶಾಂಪೂ ಬಾಟಲಿ ದೊಡ್ಡದಿದ್ದರೆ ಕೈಯೂ ಧಾರಾಳ ಆಗುತ್ತದೆ, ತಳ ಕಾಣುವ ಹೊತ್ತಿಗೆ ಮಾತ್ರ ಎಲ್ಲರೂ ಜಿಪುಣರು!

ಇನ್ನು ಬೆಲೆ ಏರಿಸದೆ ಪ್ಯಾಕೆಟ್ ಒಳಗಿನದನ್ನು ಸದ್ದಿಲ್ಲದೆ ಇಳಿಸುವ ಆಟ. 500 ಗ್ರಾಂ ಇದ್ದದ್ದು 450 ಆಗಿ ಬೆಲೆ ಅಷ್ಟೇ ಇದ್ದರೆ ದರ ಶೇ. 11 ಏರಿದ ಹಾಗೆ. ಶೇ. 10 ಅಲ್ಲ, ಲೆಕ್ಕ ಹಾಕಿ ನೋಡಿ. ಫ್ರಾನ್ಸ್‌ನಲ್ಲಿ 2024ರ ಜುಲೈನಿಂದ ದೊಡ್ಡ ಅಂಗಡಿಗಳು ಇಂಥ ಸಾಮಾನಿನ ಹತ್ತಿರ ಎರಡು ತಿಂಗಳು ಬೋರ್ಡ್ ಹಾಕಬೇಕು ಅಂತ ನಿಯಮ ಬಂತು. ಇಂಥ ನಿಯಮ ಇಲ್ಲದ ಕಡೆ ನಮ್ಮ ನೆನಪೇ ಗತಿ. ಹಾಗಾಗಿ ಪದೇ ಪದೇ ಕೊಳ್ಳುವ ಕೆಲವೇ ಸಾಮಾನಿನ ಬೆಲೆಯ ಜೊತೆ ತೂಕವನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ವರ್ಷಕ್ಕೊಮ್ಮೆ ಕೊಳ್ಳುವ ಸೂಜಿ ದಾರಕ್ಕೆಲ್ಲ ಸುಮ್ನೆ ಈ ಕಷ್ಟ ಬೇಡ, ಕೈಗೆ ಸಿಕ್ಕಿದ್ದನ್ನು ಬುಟ್ಟಿಗೆ ಹಾಕಿಕೊಂಡು ಬನ್ನಿ.