ಕುಂಬ್ಳೆಯ ಹತ್ತು ವಿಕೆಟ್ ಅಕ್ಟೋಬರ್ ಆದ ಕಥೆ

ಎಕ್ಸೆಲ್‌ಗೆ ಕ್ರಿಕೆಟ್ ಗೊತ್ತಿಲ್ಲ. ಬೌಲರ್ ಹೆಸರಿನ ಪಕ್ಕ 10/74, ಅಂದರೆ 74 ರನ್ನಿಗೆ 10 ವಿಕೆಟ್, ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ಅದು 1974ರ ಅಕ್ಟೋಬರ್ ಅಂತ ತಿಳಿದುಕೊಂಡು 'ಅಕ್ಟೋಬರ್-74' ಮಾಡಿ ಇಡುತ್ತದೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

ಕಾಸರಗೋಡಿನ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ಡಿಸೈನರ್. ಫ್ಲೆಕ್ಸ್ ನಿಷೇಧ ಆದ ಮೇಲೆ ನಾವು ಹೊಡೆಯುವುದು ಬಟ್ಟೆಯ ಮೇಲೆ. ಬರುವವರು ಕೇಳುವುದು ಮಾತ್ರ ಈಗಲೂ ಫ್ಲೆಕ್ಸೇ. ಕುಂಬಳೆಯ ಒಂದು ಕ್ಲಬ್ಬಿನ ಟೂರ್ನಮೆಂಟಿಗೆ ಬೋರ್ಡು ಬೇಕು ಅಂತ ಒಬ್ಬರು ರಿಟೈರ್ಡ್ ಮಾಷ್ಟ್ರು ಬಂದರು. ಅನಿಲ್ ಕುಂಬ್ಳೆಯ ಹೆಸರಿನೊಳಗೇ ಈ ಊರಿನ ಹೆಸರು ಉಂಟಲ್ಲ, ಹಾಗಾಗಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ಭಾರೀ ಬೌಲಿಂಗ್ ಮಾಡಿದವರ ಪಟ್ಟಿ ಹಾಕಬೇಕು, ಕುಂಬ್ಳೆ ಎಲ್ಲರಿಗಿಂತ ಮೇಲೆ ಇರಬೇಕು ಅಂತ ಅವರ ಆಸೆ.

ಪಟ್ಟಿಯನ್ನು ಕೈಯಲ್ಲೇ ಚಂದ ಬರೆದು ತಂದಿದ್ದರು. 1999, ಪಾಕಿಸ್ತಾನದ ಎದುರು ಕುಂಬ್ಳೆ, 74 ರನ್ನಿಗೆ 10. 1965, ನ್ಯೂಜಿಲೆಂಡ್ ಎದುರು ವೆಂಕಟರಾಘವನ್, 72ಕ್ಕೆ 8. 2023, ಆಸ್ಟ್ರೇಲಿಯಾ ಎದುರು ಜಡೇಜ, 42ಕ್ಕೆ 7. 1976, ಇಂಗ್ಲೆಂಡಿನ ಜಾನ್ ಲೀವರ್ ತನ್ನ ಮೊದಲ ಟೆಸ್ಟಿನಲ್ಲೇ 46ಕ್ಕೆ 7. ಪಕ್ಕದಲ್ಲಿ ಕೆಲವರ ಇಡೀ ಪಂದ್ಯದ ಲೆಕ್ಕ.

"74 ರನ್ನಿಗೆ 10" ಅಂತ ಹಾಗೇ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನಮ್ಮ ಧಣಿಗಳಿಗೆ ಆಗ ಪ್ರಿಂಟ್ ಮರ್ಜ್‌ನ ಹುಚ್ಚು, ಅಂದರೆ ಶೀಟಿನಲ್ಲಿರುವುದನ್ನು ಡಿಸೈನಿಗೆ ತಾನಾಗಿ ತುಂಬಿಸುವುದು. ಕನ್ನಡದ್ದು ಒಂದು, ಮಲಯಾಳದ್ದು ಒಂದು ಬೋರ್ಡು ಇತ್ತಲ್ಲ, ಎಲ್ಲ ಶೀಟಿಗೆ ಹಾಕು, ಎರಡು ಸಲ ಟೈಪ್ ಮಾಡಬೇಡ ಅಂತ ಆರ್ಡರ್. ಕಾಲಮ್ಮಿನಲ್ಲಿ ಜಾಗ ಸಾಲದೆ ಹುಡುಗ ಎಲ್ಲವನ್ನೂ 10/74, 8/72 ಮಾಡಿದ. ನಾನು ಹೆಸರುಗಳ ಒತ್ತಕ್ಷರ ಸರಿ ಉಂಟಾ ಅಂತ ನೋಡಿ ಪ್ರೂಫ್ ವಾಟ್ಸಾಪಿಗೆ ಕಳಿಸಿದೆ.

ಮಧ್ಯಾಹ್ನ ಮಾಷ್ಟ್ರ ಫೋನ್. "ಇದರಲ್ಲಿ ಅಕ್ಟೋಬರ್ ಅಂತ ಉಂಟಲ್ಲ, ಎಂತ ಅದು?"

ನಮ್ಮ ಕೆಲಸದಲ್ಲಿ ಇಂಥ ಫೋನ್ ದಿನಾ ಬರುತ್ತದೆ. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಯೂನಿಕೋಡಿಗೆ ತಂದಾಗ ಅಕ್ಷರ ಒಡೆಯುತ್ತದೆ, ಅವರ ಫೋನಿನಲ್ಲಿ ಇನ್ನೇನೋ ಕಾಣುತ್ತದೆ. ಅದಕ್ಕೆ ನಮ್ಮ ಬಾಯಲ್ಲಿ ರೆಡಿ ಉತ್ತರ ಒಂದಿರುತ್ತದೆ. "ಅದು ನಿಮ್ಮ ಫೋನಿನ ಫಾಂಟ್ ಸಮಸ್ಯೆ ಮಾಷ್ಟ್ರೇ, ಪ್ರಿಂಟಿನಲ್ಲಿ ಸರಿ ಬರ್ತದೆ." ಹೇಳಿ ಇಟ್ಟೆ. ಅವರು ಪ್ರೂಫನ್ನು ನನಗಿಂತ ಜಾಗ್ರತೆಯಿಂದ ಓದಿರಬಹುದು ಅಂತ ತಲೆಗೇ ಹೋಗಲಿಲ್ಲ. ಧಣಿಗಳು ಬೇರೆ, "ಕುಂಬ್ಳೆ ಹುಟ್ಟಿದ್ದು ಅಕ್ಟೋಬರಿನಲ್ಲೇ ಅಲ್ವಾ? ಅದನ್ನೇ ಹಾಕಿದ್ದಾಗಿರಬೇಕು" ಅಂತ ಸಮಾಧಾನ ಹೇಳಿದರು. ಹುಟ್ಟಿದ್ದು 1970ರ ಅಕ್ಟೋಬರಿನಲ್ಲಿ. ತಮಾಷೆ ಏನೆಂದರೆ ಆ 'ಅಕ್ಟೋಬರ್-70' ಕೂಡ ಬೋರ್ಡಿನಲ್ಲಿತ್ತು. ಲೀವರ್ ಆ ಪಂದ್ಯದಲ್ಲಿ ಒಟ್ಟು 70ಕ್ಕೆ 10 ತೆಗೆದಿದ್ದ, ಹಾಗಾಗಿ ಅದು ಹೋಗಿ ಕೂತದ್ದು ಅವನ ಸಾಲಿನಲ್ಲಿ.

ಮಾಷ್ಟ್ರು ಸ್ಕೂಟರಿನಲ್ಲಿ ಅಂಗಡಿಗೇ ಬಂದಾಗ ಕನ್ನಡದ ಬೋರ್ಡು ಮೆಷಿನಿನಿಂದ ಇಳಿದು ಹಗ್ಗ ಕಟ್ಟುವ ಐಲೆಟ್ ರಿಂಗ್ ಹೊಡೆಯಲು ಮೇಜಿನ ಮೇಲಿತ್ತು. ಅವರು ಮೇಲಿಂದ ಕೆಳಗೆ ಓದಿದರು. ಬೈಯಲಿಲ್ಲ. "ಜಡೇಜ, ಜುಲೈ 42" ಅಂತ ಜೋರಾಗಿ ಓದಿದರು ಅಷ್ಟೆ. ಆಪರೇಟರ್ ನಕ್ಕ. ನನಗೆ ನಗು ಬರಲಿಲ್ಲ. ಸಂಜೆ ಉದ್ಘಾಟನೆ, ಮಲಯಾಳದ್ದು ಇನ್ನೂ ಮೆಷಿನಿನಲ್ಲಿ ಓಡುತ್ತಿತ್ತು.

ಅದನ್ನು ನಿಲ್ಲಿಸಿ ಶೀಟ್ ತೆರೆದೆ. ಕಾಲಮ್ ಆರಿಸಿ ಟೆಕ್ಸ್ಟ್ ಅಂತ ಬದಲಿಸಿದೆ. ಕುಂಬ್ಳೆಯ ಪಕ್ಕ 27303 ಬಂತು! ತಾರೀಕನ್ನು ಅದು ಒಳಗೆ ದಿನಗಳ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ, ಟೈಪ್ ಮಾಡಿದ ಮೇಲೆ ಟೆಕ್ಸ್ಟ್ ಮಾಡಿದರೆ ಆ ಲೆಕ್ಕ ಹೊರಗೆ ಬೀಳುತ್ತದೆ. ಮೊದಲೇ ಟೆಕ್ಸ್ಟ್ ಮಾಡಿ ಆಮೇಲೆ ಟೈಪ್ ಮಾಡಬೇಕು, ಇಲ್ಲವೇ ಅಂಕಿಗಿಂತ ಮೊದಲು ಒಂದು ಅಪಾಸ್ಟ್ರಫಿ (') ಹಾಕಬೇಕು. ಆಗ ನನಗೆ ಎರಡೂ ಹೊಳೆಯಲಿಲ್ಲ. ಕಂಟ್ರೋಲ್ ಝಡ್ ಒತ್ತುತ್ತಾ ಕೂತೆ.

ಹಿಂದೆ ನಿಂತ ಮಾಷ್ಟ್ರಿಗೆ ಮಾತ್ರ ಅವಸರವೇ ಇಲ್ಲ, ಕೋಟ್ಲಾ ಕಥೆ ಶುರು. ಪಾಕಿಸ್ತಾನಕ್ಕೆ 420 ಗುರಿ. ಅನ್ವರ್, ಅಫ್ರಿದಿ ವಿಕೆಟ್ ಇಲ್ಲದೆ 101 ಹೊಡೆದರು. ಅಲ್ಲಿಂದ 207ಕ್ಕೆ ಆಲ್ ಔಟ್. ಒಂಬತ್ತು ಬಿದ್ದ ಮೇಲೆ ಹತ್ತನೆಯದೂ ಕುಂಬ್ಳೆಗೇ ಸಿಗಲಿ ಅಂತ ಶ್ರೀನಾಥ್ ಬೇಕೆಂದೇ ದೂರ ದೂರ ಬಾಲ್ ಹಾಕಿದ. ಕೊನೆಗೆ ಅಕ್ರಂ, ಶಾರ್ಟ್ ಲೆಗ್ಗಿನಲ್ಲಿ ಲಕ್ಷ್ಮಣ್ ಕ್ಯಾಚ್. "ಆ ಪಂದ್ಯದಲ್ಲಿ ಒಟ್ಟು 149ಕ್ಕೆ 14. ನೋಡು, ಅದೊಂದು ನಿನ್ನ ಬೋರ್ಡಿನಲ್ಲಿ ಸರಿ ಉಂಟು."

ಹೌದು. 14/149 ಯಾವ ತಿಂಗಳೂ ಅಲ್ಲ, ಹಾಗಾಗಿ ಎಕ್ಸೆಲ್ ಅದನ್ನು ಮುಟ್ಟಿರಲಿಲ್ಲ. ವೆಂಕಟರಾಘವನ್‌ರ ಇಡೀ ಪಂದ್ಯದ 12/152 ಕೂಡ ಹಾಗೇ ಉಳಿದಿತ್ತು, 12 ತಿಂಗಳಾದರೂ 152 ಅದಕ್ಕೆ ವರ್ಷ ಅಲ್ಲ. ನಡುನಡುವೆ ಇಂಥವು ಸರಿ ಇದ್ದದ್ದರಿಂದಲೇ ಉಳಿದವು ಕಣ್ಣು ತಪ್ಪಿಸಿದ್ದು.

ಶೀಟ್ ಮುಚ್ಚಿ ಅಂಕಿಗಳನ್ನು ಡಿಸೈನಿನ ಮೇಲೆ ನೇರ ಟೈಪ್ ಮಾಡಿದೆ. ಪೂರ್ತಿ ಬೋರ್ಡು ಮತ್ತೆ ಹೊಡೆಯಲು ಧಣಿಗಳು ಒಪ್ಪಲಿಲ್ಲ, ಬಟ್ಟೆಯ ರೇಟು ಹೇಳಿದರು. ಅಂಕಿಯ ಪಟ್ಟಿಯಷ್ಟೇ ಹೊಡೆದು ಮೇಲೆ ಅಂಟಿಸಿದೆವು. ಹತ್ತಿರ ನಿಂತರೆ ಗೊತ್ತಾಗುತ್ತಿತ್ತು. ಪ್ರಿಂಟ್ ಮರ್ಜ್ ಮಾತ್ರ ಈಗಲೂ ಉಂಟು, ಧಣಿಗಳ ಹುಚ್ಚು ಬಿಟ್ಟಿಲ್ಲ.

ಮೊನ್ನೆ ಮಾಷ್ಟ್ರು ಮತ್ತೆ ಬಂದರು. ಈ ಸಲ ಚೆನ್ನೈಯ ಚೆಪಾಕ್ ಮೈದಾನ. 1988ರಲ್ಲಿ ಹಿರ್ವಾನಿ ಮೊದಲ ಟೆಸ್ಟಿನಲ್ಲೇ ವೆಸ್ಟ್ ಇಂಡೀಸ್ ಎದುರು 8/61 ಮತ್ತು 8/75, ಒಟ್ಟು 16/136. ಮೊದಲ ಎರಡೂ ಆಗಸ್ಟ್. ಮೂರನೆಯದಕ್ಕೆ ಭಯವಿಲ್ಲ.