ತಲೆ ಇಲ್ಲದ ಮತ್ತಿ ಮರ ಕಲಿಸಿದ ಲೆಕ್ಕ

ಶಿರಸಿ ಸುತ್ತಮುತ್ತಲಿನ ಸೊಪ್ಪಿನ ಬೆಟ್ಟಗಳ ಮೇಲೆ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಜನ ದಿನಾ ಬಳಸುವ ಕಾಡಿನಲ್ಲಿ ಎಷ್ಟು ಇಂಗಾಲ ಉಳಿದಿದೆ? ಎಷ್ಟು ಬಗೆಯ ಗಿಡಮರ ಉಳಿದಿವೆ? ಎರಡೂ ಮುಂದೆಯೂ ಇರಬೇಕಾದರೆ ಬೆಟ್ಟವನ್ನು ಹೇಗೆ ಬಳಸಬೇಕು? ಇಷ್ಟೇ ನನ್ನ ಪ್ರಶ್ನೆ. ಎರಡನೇ ವರ್ಷದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಇಡೀ ಒಂದು ಬೇಸಿಗೆಯ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಟೇಪು ಹಿಡಿದು ಕಾಡಿಗೆ ಹೊರಡುವ ಕಿರಿಯರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಘಟ್ಟದ ಮೇಲಿನವರಿಗೆ ಸೊಪ್ಪಿನ ಬೆಟ್ಟ ಗೊತ್ತೇ ಇರುತ್ತದೆ. ಗೊತ್ತಿಲ್ಲದವರಿಗೆ ಎರಡು ಮಾತು. ಅಡಿಕೆ ತೋಟಕ್ಕೆ ಗೊಬ್ಬರ ಬೇಕು. ಗೊಬ್ಬರಕ್ಕೆ ಸೊಪ್ಪು ಮತ್ತು ದರಕು, ಅಂದರೆ ಉದುರಿದ ಒಣ ಎಲೆ, ಬೇಕು. ಅದಕ್ಕಾಗಿ ಬ್ರಿಟಿಷರ ಕಾಲದಿಂದಲೂ ತೋಟದ ಜೊತೆಗೆ ಕಾಡಿನ ಒಂದು ಭಾಗ ಬಿಟ್ಟಿದ್ದಾರೆ. ಉತ್ತರ ಕನ್ನಡದ ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಇದೆ. ಜಾಗ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದ್ದು. ಕಡಿದ ಸೊಪ್ಪು, ಗುಡಿಸಿದ ದರಕು ಮೊದಲು ಕೊಟ್ಟಿಗೆಗೆ ಹೋಗುತ್ತದೆ. ದನಗಳ ಕಾಲಡಿ ಸಗಣಿ, ಗಂಜಳದ ಜೊತೆ ಬೆರೆತು ಗೊಬ್ಬರದ ಗುಂಡಿಗೆ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ.

ನನ್ನ ಕೆಲಸ ಹೀಗೆ. 20 ಮೀಟರ್ ಉದ್ದ, 20 ಮೀಟರ್ ಅಗಲದ ಪ್ಲಾಟಿಗೆ ಹಗ್ಗ ಕಟ್ಟುವುದು. ಒಳಗಿನ ಪ್ರತಿ ಮರದ ಸುತ್ತಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುವುದು. ಇಳಿಜಾರಾದರೆ ಮೇಲಿನ ಬದಿಯಲ್ಲಿ ನಿಂತು ಅಳೆಯಬೇಕು. ಅಳೆದ ಜಾಗಕ್ಕೆ ಬಣ್ಣದ ಗೆರೆ ಎಳೆಯಲೇಬೇಕು. ನಂದಿ ಮರ ತೊಗಟೆ ಕಳಚುತ್ತದೆ, ಬಣ್ಣವೂ ಅದರ ಜೊತೆಗೇ ಉದುರುತ್ತದೆ. ಮುಂದಿನ ವರ್ಷ ಹೋಗಿ ಅಂದಾಜಿನ ಮೇಲೆ ಟೇಪು ಸುತ್ತಿದರೆ ಮರ ಹೋದ ವರ್ಷಕ್ಕಿಂತ ಸಣ್ಣದಾಗಿದೆ ಎಂದು ಬರುತ್ತದೆ! ಹಾಗಾಗಿ ನಂದಿಗೆ ಮೊಳೆ ಹೊಡೆದು ಅಲ್ಯೂಮಿನಿಯಂ ಬಿಲ್ಲೆ ಹಾಕಿ, ಅಲ್ಲಿಂದ ಇಷ್ಟು ಕೆಳಗೆ ಎಂದು ಬರೆದುಕೊಳ್ಳುವುದು ಒಳ್ಳೆಯದು.

ಅಳತೆ ಸಿಕ್ಕ ಮೇಲೆ ಸೂತ್ರ. ಜೆರೋಮ್ ಶಾವ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಸೂತ್ರವನ್ನು ನಮ್ಮಲ್ಲಿ ಹೆಚ್ಚಿನವರು ಬಳಸುತ್ತೇವೆ. ಬೇರೆ ಬೇರೆ ದೇಶಗಳ ಉಷ್ಣವಲಯದ ಕಾಡುಗಳಲ್ಲಿ ಕಡಿದು ತೂಗಿದ 4,004 ಮರಗಳ ಲೆಕ್ಕ ಅದರ ಹಿಂದೆ ಇದೆ. ಮರದ ವ್ಯಾಸ, ಎತ್ತರ, ಕಟ್ಟಿಗೆಯ ಸಾಂದ್ರತೆ ಕೊಟ್ಟರೆ ನೆಲದ ಮೇಲಿನ ಒಣ ತೂಕ ಸಿಗುತ್ತದೆ. ಅದರಲ್ಲಿ ಸುಮಾರು 47% ಇಂಗಾಲ.

ನಾನು ಎಡವಿದ್ದು ಎತ್ತರದಲ್ಲಿ. ದಟ್ಟ ಕಾಡಿನಲ್ಲಿ ಪ್ರತಿ ಮರದ ತುದಿಯನ್ನೂ ನೋಡಿ ಎತ್ತರ ಅಳೆಯುವುದಕ್ಕೆ ತುಂಬಾ ಹೊತ್ತು ಬೇಕು. ಅದಕ್ಕೇ ಸಂರಕ್ಷಿತ ಅರಣ್ಯದ ಪ್ಲಾಟುಗಳಲ್ಲಿ ಕೆಲವು ಮರಗಳ ಎತ್ತರ ಅಳೆದು, ಇಷ್ಟು ದಪ್ಪಕ್ಕೆ ಇಷ್ಟು ಎತ್ತರ ಎಂಬ ಒಂದು ಸಂಬಂಧ ಕಟ್ಟಿಕೊಂಡೆ. ಇದು ಎಲ್ಲರೂ ಮಾಡುವಂಥದ್ದೇ, ತಪ್ಪಲ್ಲ. ಅದೇ ಸಂಬಂಧವನ್ನು ಸೊಪ್ಪಿನ ಬೆಟ್ಟದ ಮರಗಳಿಗೂ ಹಾಕಿದ್ದು ತಪ್ಪು. ಬೆಟ್ಟಕ್ಕೆ ಹೋಗಿದ್ದೆ, ಪ್ರತಿ ಮರದ ಬುಡದಲ್ಲಿ ನಿಂತಿದ್ದೆ. ಆದರೆ ನನ್ನ ಕಣ್ಣು ಟೇಪಿನ ಮೇಲಿತ್ತು. ತಲೆ ಎತ್ತಿ ನೋಡಿದ್ದು ಕಡಿಮೆ.

ಲೆಕ್ಕ ಬಂತು. ಚೆನ್ನಾಗಿ ನೋಡಿಕೊಂಡ ಬೆಟ್ಟದಲ್ಲಿ ಹೆಚ್ಚುಕಡಿಮೆ ಸಂರಕ್ಷಿತ ಅರಣ್ಯದಷ್ಟೇ ಇಂಗಾಲ! ನನಗೆ ಖುಷಿಯೋ ಖುಷಿ. ಬಳಸುವ ಕಾಡೂ ಇಷ್ಟು ಹಿಡಿದಿಡುತ್ತದೆ ಎಂದು ತೋರಿಸುವುದು ನನ್ನ ಆಸೆಯೂ ಆಗಿತ್ತು. ಬೇಕೆಂದುಕೊಂಡ ಉತ್ತರವೇ ಬಂದಾಗ ಇನ್ನೊಂದು ಸಲ ನೋಡುವ ಮನಸ್ಸು ಬರುವುದಿಲ್ಲ. ಆ ಹಾಳೆ ಹಿಡಿದು ಬೆಟ್ಟದ ಯಜಮಾನರೊಬ್ಬರ ಮನೆಗೆ ಹೋದೆ. ಎಪ್ಪತ್ತು ದಾಟಿದವರು. ಹರೆಯದಲ್ಲಿ ಅಪ್ಪಿಕೋ ಚಳವಳಿ ನೋಡಿದವರು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರ ತಬ್ಬಿ ನಿಂತ ಕತೆಯನ್ನು ಅವರ ಬಾಯಲ್ಲೇ ಕೇಳಬೇಕು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಕವಳ ಉಗಿದು ಬಂದು, "ಬಾ ತಂಗೀ, ಬೆಟ್ಟಕ್ಕೆ ಹೋಗಿ ಬರೋಣ" ಅಂದರು.

ನಾನೇ ಬಿಲ್ಲೆ ಹಾಕಿದ್ದ ಒಂದು ಮತ್ತಿ ಮರದ ಕೆಳಗೆ ನಿಲ್ಲಿಸಿದರು. ಮೊಸಳೆ ಬೆನ್ನಿನ ಹಾಗೆ ಚೌಕ ಚೌಕ ಸೀಳಿದ ತೊಗಟೆ. ಬುಡ ಗಟ್ಟಿಮುಟ್ಟು.

"ಈಗ ಮೇಲೆ ನೋಡು. ಇದಕ್ಕೆ ತಲೆ ಎಲ್ಲಿದೆ?"

ನೋಡಿದೆ. ಕಾಂಡದ ಉದ್ದಕ್ಕೂ ಗಂಟುಗಳು. ಕತ್ತಿ ಬಿದ್ದ ಕಡೆ ಮರ ಊದಿಕೊಂಡು ಮುಷ್ಟಿಯ ಹಾಗಾಗಿತ್ತು. ಪ್ರತಿ ಮುಷ್ಟಿಯಿಂದಲೂ ಬೆರಳು ದಪ್ಪದ ಎಳೆ ಕೊಂಬೆಗಳು ಗೊಂಚಲಾಗಿ ಹೊರಟಿದ್ದವು. ದೊಡ್ಡ ಕೊಂಬೆ ಒಂದೂ ಇಲ್ಲ. ತುದಿ ಯಾವಾಗಲೋ ಹೋಗಿದೆ.

"ನಮ್ಮಪ್ಪ ತುದಿ ಕಡೀಬೇಡ ಅಂತಿದ್ದ. ನಡುವೆ ಒಂದಷ್ಟು ವರ್ಷ ಆಳುಗಳ ಕೈಗೆ ಬಿಟ್ಟೆ, ಅವರು ತುದಿಯನ್ನೂ ಬಿಡಲಿಲ್ಲ. ಬುಡ ದಪ್ಪ ಆಯ್ತು, ಮರ ಮೇಲೆ ಹೋಗಲಿಲ್ಲ. ನೀನು ಬುಡ ಅಳೆದು ಮರ ಇಷ್ಟಿದೆ ಅಂದ್ರೆ ಹೇಗೆ?"

ಆ ಸಂಜೆಯೇ ಒಂದು ಮರದ ಲೆಕ್ಕ ಮಾಡಿ ನೋಡಿದೆ. ವ್ಯಾಸ 40 ಸೆಂ.ಮೀ., ಸಾಂದ್ರತೆ ಘನ ಸೆಂ.ಮೀ.ಗೆ 0.7 ಗ್ರಾಂ ಇಟ್ಟುಕೊಳ್ಳಿ. ಎತ್ತರ 20 ಮೀಟರ್ ಎಂದರೆ ಸೂತ್ರ ಕೊಡುವ ತೂಕ ಸುಮಾರು 1,185 ಕೆ.ಜಿ. ಎತ್ತರ 12 ಮೀಟರ್ ಎಂದರೆ ಸುಮಾರು 720 ಕೆ.ಜಿ. ಅದೇ ಬುಡ, ಅದೇ ಟೇಪು, 465 ಕೆ.ಜಿ. ವ್ಯತ್ಯಾಸ! 720 ಕೂಡ ಜಾಸ್ತಿಯೇ, ಯಾಕೆಂದರೆ ಸೂತ್ರಕ್ಕೆ ಗೊತ್ತಿರುವುದು ಕೊಂಬೆ ತುಂಬಿದ ಮರ. ಕೊಂಬೆ ಸವರಿದ ಮರ ಅದಕ್ಕೆ ಗೊತ್ತಿಲ್ಲ.

ಗೈಡ್ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಂದಿನ ಬೇಸಿಗೆ ಬೆಟ್ಟದ ಪ್ಲಾಟುಗಳನ್ನೆಲ್ಲ ಮತ್ತೆ ಸುತ್ತಿದೆ. ಸೊಪ್ಪು ಕಡಿಯಲು ಮರ ಹತ್ತುವವರೊಬ್ಬರು ಜೊತೆಗೆ ಬಂದರು. ಆಯ್ದ ಮರಗಳನ್ನು ಅವರು ಟೇಪು ಸಮೇತ ಹತ್ತಿ, ಎರಡು ಮೀಟರಿಗೊಮ್ಮೆ ಸುತ್ತಳತೆ ಕೂಗಿ ಹೇಳುತ್ತಿದ್ದರು. ಕೆಳಗೆ ನಾನು ಬರೆದುಕೊಳ್ಳುತ್ತಿದ್ದೆ. ಕತ್ತಿಯ ಹಿಂಬದಿಯಿಂದ ಕಾಂಡಕ್ಕೆ ಬಡಿದು "ಇದು ಪೊಳ್ಳು, ಇದು ಗಟ್ಟಿ" ಎಂದು ಅವರು ಹೇಳುತ್ತಿದ್ದುದನ್ನೂ ಬರೆದುಕೊಂಡೆ. ಮೊದಲ ಸಲದ ನನ್ನ ಹಾಳೆಯಲ್ಲಿ ಪೊಳ್ಳು ಎಂಬ ಕಾಲಂ ಇರಲೇ ಇಲ್ಲ.

ಇಂಗಾಲದ ಲೆಕ್ಕ ಕೆಳಗಿಳಿಯಿತು. ಬೇಸರ ಆಯಿತು ನಿಜ. ಆದರೆ ಆ ಎರಡನೇ ಸುತ್ತಿನಲ್ಲಿ ನನ್ನ ಪ್ರಬಂಧದ ಮುಖ್ಯ ವಿಷಯವೇ ಸಿಕ್ಕಿತು.

ದೊಡ್ಡ ಪ್ಲಾಟಿನಲ್ಲಿ ನಾವು ಅಳೆಯುವುದು 30 ಸೆಂ.ಮೀ. ಸುತ್ತಳತೆ ದಾಟಿದ ಮರಗಳನ್ನು ಮಾತ್ರ. ಅದಕ್ಕಿಂತ ಸಣ್ಣವನ್ನು ಒಳಗಿನ 5 ಮೀಟರ್ ಚೌಕದಲ್ಲಿ, ಸಸಿಗಳನ್ನು 1 ಮೀಟರ್ ಚೌಕದಲ್ಲಿ ಎಣಿಸಬೇಕು. ಇಂಗಾಲದಲ್ಲಿ ಸಣ್ಣ ಗಿಡಗಳ ಪಾಲು ತೀರಾ ಕಡಿಮೆ. ಅದಕ್ಕೇ ಮೊದಲ ಸಲ ಕೆಲವೇ ಪ್ಲಾಟುಗಳಲ್ಲಿ ಎಣಿಸಿ ಬಿಟ್ಟಿದ್ದೆ. ಎರಡನೇ ಸಲ ಎಲ್ಲ ಕಡೆ ಮಂಡಿಯೂರಿ ಕೂತೆ.

ಅಕ್ಕಪಕ್ಕದ ಎರಡು ಬೆಟ್ಟಗಳು. ಇಂಗಾಲ ಹೆಚ್ಚುಕಡಿಮೆ ಸಮ. ಒಂದರ ನೆಲದಲ್ಲಿ ಉಪ್ಪಾಗೆ, ಮುರುಗಲು, ನೇರಳೆ, ಹಲಸು, ಕಿಂದಳ, ಗುಳಮಾವು, ಹೀಗೆ ಎಣಿಸಿದಷ್ಟೂ ಸಸಿಗಳು. ಅಲ್ಲಿ ಸೊಪ್ಪಿಗೆ ಪಾಳಿ ಇದೆ. ಈ ವರ್ಷ ಒಂದು ಬದಿ ಕಡಿದರೆ ಮುಂದಿನ ವರ್ಷ ಇನ್ನೊಂದು ಬದಿ. ಬೆಟ್ಟದ ಕಸ ಸವರುವಾಗ ಒಳ್ಳೆಯ ಜಾತಿಯ ಸಸಿಗೆ ಕತ್ತಿ ತಾಗಿಸುವುದಿಲ್ಲ. ಇನ್ನೊಂದರಲ್ಲಿ ಮರಗಳೇನೋ ದಪ್ಪ ದಪ್ಪ ನಿಂತಿವೆ, ಕೆಳಗೆ ಬರೀ ಯುಪಟೋರಿಯಂ ಕಳೆ ಮತ್ತು ಅಲ್ಲಲ್ಲಿ ಒಂದೊಂದು ಕೌಲು ಗಿಡ. ದರಕು ಪ್ರತಿ ವರ್ಷ ಮಣ್ಣು ಕಾಣುವಷ್ಟು ಗುಡಿಸುತ್ತಾರೆ. ಕಸದ ಜೊತೆ ಸಸಿಯೂ ಹೋಗುತ್ತದೆ. ಈಗಿರುವ ಮರಗಳು ಬಿದ್ದ ದಿನ ಅಲ್ಲಿ ಮುಂದೆ ನಿಲ್ಲಲು ಯಾರೂ ಇಲ್ಲ. ಇಂಗಾಲದ ಕಾಲಂ ಒಂದನ್ನೇ ನೋಡಿದರೆ ಎರಡೂ ಬೆಟ್ಟ ಒಂದೇ ಅನಿಸುತ್ತವೆ, ಅಲ್ವಾ? ಅಕೇಶಿಯಾ ನೆಡುತೋಪುಗಳ ವಿಷಯದಲ್ಲೂ ನನಗೆ ಇದೇ ಭಯ. ಬೇಗ ಬೆಳೆಯುತ್ತವೆ, ಬೇಗ ಇಂಗಾಲ ಕಟ್ಟುತ್ತವೆ. ಆ ಲೆಕ್ಕದಲ್ಲಿ ನೆಲ ಕಾಣುವುದಿಲ್ಲ.

ದರಕು ಗುಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬೆಟ್ಟದಿಂದ ಹೋದ ಎಲೆ ಗೊಬ್ಬರವಾಗಿ ತೋಟದ ಮಣ್ಣಿಗೆ ಸೇರುತ್ತದೆ. ಬೆಟ್ಟದ ಮಣ್ಣಿನ ಲೆಕ್ಕ ಬೇಲಿಗೆ ನಿಲ್ಲಿಸಿದರೆ ಅರ್ಧ ಕತೆ ಅಷ್ಟೇ. ಹಾಗಾಗಿ ಈಗ ತೋಟದಲ್ಲೂ 30 ಸೆಂ.ಮೀ. ಆಳದವರೆಗೆ ಮಣ್ಣು ತೆಗೆಯುತ್ತಿದ್ದೇನೆ. ಮತ್ತಿ ಮರ ತೋರಿಸಿದ ಆ ಅಜ್ಜನ ತೋಟದಲ್ಲೂ ತೆಗೆದೆ. ಗುಂಡಿ ಮತ್ತೆ ಮುಚ್ಚಿ ಕೊಡುವ ಒಪ್ಪಂದದ ಮೇಲೆ!

ಈಗ ಯಾವ ಬೆಟ್ಟಕ್ಕೆ ಹೋದರೂ ಹಗ್ಗ ಕಟ್ಟುವ ಮೊದಲು ಮನೆಯ ಜಗಲಿಯ ಮೇಲೆ ಕೂರುತ್ತೇನೆ. ಸೊಪ್ಪು ಕಡಿದದ್ದು ಯಾವಾಗ? ಯಾರು ಕಡಿಯುತ್ತಾರೆ? ತುದಿ ಬಿಡುತ್ತಾರಾ? ದನ ಎಷ್ಟಿವೆ? ಆಳು ಸಿಗುತ್ತಾರಾ? ಬೆಂಕಿ ಬಿದ್ದದ್ದು ಯಾವ ವರ್ಷ? ಇದಕ್ಕೆ ಒಂದು ಗಂಟೆ ಬೇಕು, ಕೆಲವೊಮ್ಮೆ ಎರಡು. ಆಸರಿಗೆ (ಬಾಯಾರಿಕೆಗೆ ಕುಡಿಯಲು) ಕೊಟ್ಟರೆ ಬೇಡ ಅನ್ನಬೇಡಿ, ಮಾತು ಶುರುವಾಗುವುದೇ ಆಮೇಲೆ.

ಹೋದ ಮಳೆಗಾಲ ಮುಗಿದ ಮೇಲೆ ಅಜ್ಜನಿಗೆ ಅವರ ಬೆಟ್ಟದ ಪಟ್ಟಿ ಓದಿ ಹೇಳಿದೆ. ದೊಡ್ಡ ಮರಗಳ ಪಟ್ಟಿ ಒಂದು, ಸಸಿಗಳ ಪಟ್ಟಿ ಇನ್ನೊಂದು. ಇಂಗಾಲ ಎಷ್ಟು ಎಂದು ಅವರು ಕೇಳಲಿಲ್ಲ. ಎರಡನೇ ಪಟ್ಟಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊನ್ನೆ ಸಸಿ ಒಂದೂ ಇಲ್ವಾ?" ಅಂದರು.

"ಇಲ್ಲ ಅಜ್ಜಾ. ಮರ ಏಳಿವೆ, ಸಸಿ ಒಂದೂ ಸಿಗಲಿಲ್ಲ."

"ನನಗೆ ಗೊತ್ತೇ ಆಗಲಿಲ್ಲ ನೋಡು."

ಫೆಬ್ರವರಿಯಲ್ಲಿ ಮಣ್ಣು ತೆಗೆಯಲು ಹೋದಾಗ ಜಗಲಿಯ ಮೂಲೆಯಲ್ಲಿ ಒಂದು ಗೋಣಿಚೀಲ ಇತ್ತು. ಒಳಗೆ ಹಪ್ಪಳದ ಹಾಗೆ ಗುಂಡಗಿನ, ಅಂಚಿಗೆ ರೆಕ್ಕೆ ಇರುವ ಒಣ ಹೊನ್ನೆ ಕಾಯಿ. ಅಜ್ಜ ಕತ್ತರಿ ಹಿಡಿದು ಒಂದೊಂದರ ಅಂಚನ್ನೂ ಕತ್ತರಿಸುತ್ತಾ ಕೂತಿದ್ದರು. ಹೀಗೆ ಮಾಡಿದರೆ ನೀರು ಬೇಗ ಒಳಗೆ ಇಳಿಯುತ್ತದಂತೆ. ನಾನೂ ಇನ್ನೊಂದು ಕತ್ತರಿ ತರಿಸಿಕೊಂಡು ಪಕ್ಕದಲ್ಲಿ ಕೂತೆ.