ಬರೀ ರಸ್ತೆ ನೋಡಲು ಅಷ್ಟು ದೂರ ಹೋಗಬೇಕಿತ್ತೇ?

ಹಿಮಾಲಯದ ರಸ್ತೆಗಳಲ್ಲಿ ಬೈಕ್ ಓಡಿಸಿಕೊಂಡು ಬಂದವರನ್ನು ನಮ್ಮ ಜನ ಎರಡು ಬಗೆಯಲ್ಲಿ ಪ್ರಶ್ನಿಸುತ್ತಾರೆ. ಕಚೇರಿಯ ಕಿರಿಯ ಸಹೋದ್ಯೋಗಿಗಳು ಕಣ್ಣರಳಿಸಿ, ‘ಸರ್, ಲಡಾಖ್‌ಗೆ ಹೋಗಿಬಂದರೆ ಲೈಫೇ ಬೇರೆ ಥರ ಕಾಣುತ್ತಂತೆ, ಹೌದಾ? ನಿಮಗೆ ಏನು ಸಿಕ್ಕಿತು?’ ಎನ್ನುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತ ದೊಡ್ಡಪ್ಪ ಅದನ್ನೇ ಬೇರೆ ಧಾಟಿಯಲ್ಲಿ ಕೇಳುತ್ತಾರೆ: ‘ಅಲ್ಲ ಕಣಯ್ಯಾ, ಬದರಿಗೋ ಕೇದಾರಕ್ಕೋ ಹೋಗಿದ್ದರೆ ಪುಣ್ಯವಾದರೂ ಬರುತ್ತಿತ್ತು. ಬರೀ ರಸ್ತೆ ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ?’ ಮೊದಲಿನವರಿಗೆ ಏನೋ ದೊಡ್ಡದು ಸಿಕ್ಕಿರಬೇಕೆಂಬ ನಂಬಿಕೆ. ದೊಡ್ಡಪ್ಪನಿಗೆ ಏನೂ ಸಿಕ್ಕಿರಲಾರದೆಂಬ ಖಾತರಿ. ಇಬ್ಬರಿಗೂ ನನ್ನ ಉತ್ತರ ಒಂದೇ, ಮತ್ತು ಅದು ದೊಡ್ಡಪ್ಪನ ಮಾತಿಗೇ ಹೆಚ್ಚು ಹತ್ತಿರವಾಗಿದೆ. ಹೌದು, ನಾನು ಹೋಗಿದ್ದು ರಸ್ತೆ ನೋಡಲು.

ದೊಡ್ಡಪ್ಪನ ತಕರಾರಿನಲ್ಲಿ ಹುರುಳಿದೆ. ತೀರ್ಥಯಾತ್ರೆಗೆ ಹೊರಟವರಿಗೆ ಏನು ದೊರೆಯುತ್ತದೆ ಎಂಬುದು ಹೊರಡುವ ಮೊದಲೇ ಗೊತ್ತಿರುತ್ತದೆ. ಗಂಗೆಯಲ್ಲಿ ಸ್ನಾನ, ವಿಶ್ವನಾಥನ ದರ್ಶನ, ಗಯೆಯಲ್ಲಿ ಪಿಂಡಪ್ರದಾನ, ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರುವುದು, ಊರಿಗೆ ಮರಳಿದ ಮೇಲೆ ಸಮಾರಾಧನೆ, ಹೀಗೆ ಎಲ್ಲಕ್ಕೂ ಒಂದು ಕ್ರಮವಿದೆ. (ದೊಡ್ಡಪ್ಪ ಕಾಶಿಯಲ್ಲಿ ಬಿಟ್ಟುಬಂದದ್ದು ಹಾಗಲಕಾಯಿಯನ್ನು. ಅದನ್ನು ಅವರು ಮೊದಲೂ ಮುಟ್ಟುತ್ತಿರಲಿಲ್ಲ ಎಂಬುದು ದೊಡ್ಡಮ್ಮನ ಆಕ್ಷೇಪ.) ಬೈಕಿನವನಿಗೆ ಇಂಥ ಏರ್ಪಾಡೊಂದೂ ಇಲ್ಲ. ಮನಾಲಿಯಲ್ಲಿ ಯಾರೂ ಸಂಕಲ್ಪ ಮಾಡಿಸುವುದಿಲ್ಲ, ಲೇಹ್‌ನಲ್ಲಿ ಯಾರೂ ಪ್ರಸಾದ ಕೊಡುವುದಿಲ್ಲ. ಹಾಗಾಗಿ ಅವನು ತಾನೇ ಒಂದಿಷ್ಟು ವಿಧಿಗಳನ್ನು ಮಾಡಿಕೊಂಡಿದ್ದಾನೆ: ಬೆಂಗಳೂರಿನಲ್ಲೇ ಕೊಂಡ ಬೌದ್ಧ ಪತಾಕೆಯನ್ನು ಹ್ಯಾಂಡಲಿಗೆ ಕಟ್ಟುವುದು, ಪ್ರತಿ ‘ಲಾ’ದ, ಅಂದರೆ ಬೆಟ್ಟಸಾಲು ದಾಟುವ ದಾರಿಯ, ನೆತ್ತಿಯಲ್ಲಿರುವ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು. ಖಾರ್ದುಂಗ್ ಲಾದ ಫಲಕ ಬಹುಕಾಲ 18,380 ಅಡಿ ಎಂದು ಸಾರುತ್ತಿತ್ತು. ಅಳತೆ ಮಾಡಿದವರ ಪ್ರಕಾರ ನಿಜವಾದ ಎತ್ತರ ಸುಮಾರು 17,582 ಅಡಿ. ಎಂಟುನೂರು ಅಡಿಯ ಈ ವ್ಯತ್ಯಾಸದಿಂದ ಯಾರ ಧನ್ಯತೆಗೂ ಕುಂದು ಬಂದದ್ದನ್ನು ನಾನು ಕಾಣೆ. 2021ರಲ್ಲಿ 19,024 ಅಡಿ ಎತ್ತರದ ಉಮ್ಲಿಂಗ್ ಲಾ ರಸ್ತೆಗೆ ಗಿನ್ನೆಸ್ ದಾಖಲೆ ಸಿಕ್ಕ ಮೇಲೆ ಗುಂಪು ಆ ಕಡೆಗೆ ತಿರುಗಿತು. ಅರ್ಥವೆನ್ನುವುದು ಎತ್ತರದಲ್ಲಿದೆ ಎಂದು ನಂಬಿದವರು ಇನ್ನೂ ಎತ್ತರದ ಫಲಕ ಬಂದಾಗ ಮತ್ತೆ ಹೊರಡಲೇಬೇಕಾಗುತ್ತದೆ.

ಒಂಟಿಯಾಗಿ ಬೈಕಿನ ಮೇಲೆ ಕುಳಿತವನಿಗೆ ಬದುಕಿನ ಬಗ್ಗೆ ಯೋಚಿಸಲು ಬೇಕಾದಷ್ಟು ಪುರುಸೊತ್ತು ಸಿಗುತ್ತದೆ ಎಂಬುದು ಈ ದಾರಿಯಲ್ಲಿ ಹೋಗದವರ ಕಲ್ಪನೆ. ಮನಾಲಿಯಿಂದ ಲೇಹ್‌ಗೆ ಈಗ ಸುಮಾರು 430 ಕಿಲೋಮೀಟರ್. 2020ರ ಅಕ್ಟೋಬರ್‌ನಲ್ಲಿ ತೆರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದ ಹೊರಬಂದರೆ ಲಾಹೌಲ್. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ, ಮುಂದಿನ ಬಂಕ್ 365 ಕಿಲೋಮೀಟರ್ ದೂರದಲ್ಲಿದೆ ಎಂದು ಎಚ್ಚರಿಸುವ ಪ್ರಸಿದ್ಧ ಫಲಕ ಇರುವುದು ಅಲ್ಲೇ. ಅದನ್ನು ಓದಿದ ಕ್ಷಣದಿಂದ ತಲೆಯೊಳಗೆ ಲೆಕ್ಕ ಶುರುವಾಗುತ್ತದೆ: ಹದಿನೈದು ಲೀಟರಿನ ಟ್ಯಾಂಕು, ಏರುದಾರಿಯಲ್ಲಿ ಇಳಿಯುವ ಮೈಲೇಜು, ಹಿಂದೆ ಕಟ್ಟಿದ ಕ್ಯಾನಿನಲ್ಲಿರುವ ಐದು ಲೀಟರು. ಝಿಂಗ್‌ಝಿಂಗ್‌ಬಾರ್ ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ನೀರು ಹರಿಯುತ್ತದೆ. ಬೆಳಗಿನ ಏಳು ಗಂಟೆಗೆ ಪಾದ ತೋಯದಂತೆ ದಾಟಬಹುದಾದ ಅದೇ ನಾಲಾ, ಬಿಸಿಲಿಗೆ ಮೇಲಿನ ಹಿಮ ಕರಗಿ ಮಧ್ಯಾಹ್ನ ಎರಡರ ಹೊತ್ತಿಗೆ ಮೊಣಕಾಲೆತ್ತರಕ್ಕೆ ಬಂದು, ತಳದಲ್ಲಿ ಕಲ್ಲುಗಳನ್ನು ಉರುಳಿಸುತ್ತಿರುತ್ತದೆ. ಸಡಿಲ ಜಲ್ಲಿಯ ಮೇಲೆ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಓಡಿಸುವಾಗ ಒಂದು ಕಲ್ಲನ್ನು ದಿಟ್ಟಿಸಿದರೆ ಮುಂದಿನ ಚಕ್ರ ನೇರವಾಗಿ ಅದೇ ಕಲ್ಲಿಗೆ ಹೋಗುತ್ತದೆ. ನೋಟವನ್ನು ಹೋಗಬೇಕಾದ ಜಾಗದ ಮೇಲೆ, ಸ್ವಲ್ಪ ಮುಂದೆ ಇಟ್ಟಿರಬೇಕು. ಇಷ್ಟರ ನಡುವೆ ನಾನು ಯಾರು, ಎಲ್ಲಿಂದ ಬಂದೆ ಎಂಬ ಪ್ರಶ್ನೆಗಳಿಗೆ ಎಡೆಯೇ ಇರುವುದಿಲ್ಲ. ಅವು ಬಗೆಹರಿದವೆಂದಲ್ಲ, ಅಷ್ಟು ಹೊತ್ತು ಯಾರೂ ಅವನ್ನು ಕೇಳಲಿಲ್ಲ, ಅಷ್ಟೆ. ಬಹಳ ಮಂದಿ ಜ್ಞಾನೋದಯವೆಂದು ಬಣ್ಣಿಸುವುದು ಈ ವಿರಾಮವನ್ನೇ ಎಂದು ನನ್ನ ಅನುಮಾನ. ವಿರಾಮ ಒಳ್ಳೆಯದೇ, ಆದರೆ ಅದು ಉತ್ತರವಲ್ಲ.

ಉಳಿದದ್ದು ರಾತ್ರಿ. ಪಾಂಗ್‌ನ ಪ್ಯಾರಾಶೂಟ್ ಟೆಂಟಿನಲ್ಲಿ, ಸುಮಾರು 4,600 ಮೀಟರ್ ಎತ್ತರದಲ್ಲಿ, ಮೂರು ರಜಾಯಿಗಳ ಅಡಿಯಲ್ಲಿ ನಿದ್ದೆ ಬಾರದೆ ಮಲಗಿದಾಗ ಆಲೋಚನೆಗಳು ಬರುತ್ತವೆ, ನಿಜ. ಅವುಗಳಲ್ಲಿ ಕೆಲವು ಬಹಳ ಭವ್ಯವಾಗಿಯೂ ಇರುತ್ತವೆ. ಅವನ್ನು ನಾನು ನಂಬುವುದಿಲ್ಲ. ತಂಗ್ಲಂಗ್ ಲಾದ 5,328 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ. ಕಾರ್ಬ್ಯುರೇಟರಿನ ಹಳೆಯ ಬೈಕುಗಳು ಇಂಥಲ್ಲಿ ಪೆಟ್ರೋಲ್ ಹೆಚ್ಚಾಗಿ, ಗಾಳಿ ಸಾಲದೆ ಕೆಮ್ಮುತ್ತವೆ; ಪ್ಲಗ್ಗು ಬಿಚ್ಚಿ ನೋಡಿದರೆ ಮಸಿ. ಫ್ಯುಯೆಲ್ ಇಂಜೆಕ್ಷನ್ ಇರುವ ಬೈಕು ಗಾಳಿಯ ಒತ್ತಡವನ್ನು ತಾನೇ ಅಳೆದು ಪೆಟ್ರೋಲನ್ನು ಕಡಿಮೆ ಮಾಡಿಕೊಳ್ಳುತ್ತದೆ. ಮನುಷ್ಯನ ತಲೆಗೆ ಅಂಥ ಸೆನ್ಸರ್ ಇಲ್ಲ. ಅಲ್ಲಿ ಉಕ್ಕುವ ಅಳು, ವಿನಾಕಾರಣದ ಹಿಗ್ಗು, ಜಗತ್ತೆಲ್ಲ ಒಂದೇ ಎಂಬ ಭಾವ, ಕೆಲಸ ಬಿಟ್ಟುಬಿಡಬೇಕೆಂಬ ದೃಢನಿರ್ಧಾರ ಇವೆಲ್ಲವನ್ನೂ ಲೇಹ್‌ಗೆ ಇಳಿದು ಎರಡು ದಿನ ಮಲಗಿ ಎದ್ದ ಮೇಲೆ ಮತ್ತೊಮ್ಮೆ ಪರಿಶೀಲಿಸುವುದು ಕ್ಷೇಮ. ತಲೆನೋವು, ವಾಕರಿಕೆ, ನಡಿಗೆಯಲ್ಲಿ ತೂರಾಟ ಕಾಣಿಸಿಕೊಂಡರಂತೂ ಅದು ಅಧ್ಯಾತ್ಮವಲ್ಲ, ಕೆಳಗಿಳಿಯಬೇಕಾದ ಸೂಚನೆ. ಮನಾಲಿಯಿಂದ ಹೊರಟ ಮೊದಲ ದಿನವೇ 4,200 ಮೀಟರಿಗೂ ಮೇಲಿರುವ ಸರ್ಚುವಿನಲ್ಲಿ ಉಳಿಯಬೇಡಿ ಎಂದು ಅನುಭವಿಗಳು ಹೇಳುವುದು ಇದೇ ಕಾರಣಕ್ಕೆ.

ಇನ್ನು ರಸ್ತೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಊರಿನ ರಸ್ತೆ ಒಮ್ಮೆ ಹಾಕಿದರೆ, ಗುತ್ತಿಗೆದಾರ ಕೈಕೊಡದಿದ್ದರೆ, ನಾಲ್ಕು ವರ್ಷ ಇರುತ್ತದೆ. ಈ ರಸ್ತೆಗೆ ಅಂಥ ಭಾಗ್ಯವಿಲ್ಲ. ಹಗಲು ಕರಗಿದ ಹಿಮ ಡಾಂಬರಿನ ಬಿರುಕಿಗಿಳಿದು ರಾತ್ರಿ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುವುದರಿಂದ ಬಿರುಕು ಅಗಲವಾಗುತ್ತದೆ. ಮರುದಿನ ಇನ್ನಷ್ಟು ನೀರು, ಮರುರಾತ್ರಿ ಇನ್ನಷ್ಟು ಹಿಗ್ಗು. ಅದರ ಮೇಲೆ ಸೇನೆಯ ಲಾರಿಗಳು, ಹಿಮ ತೆಗೆಯುವ ಯಂತ್ರಗಳು, ಬೆಟ್ಟದಿಂದ ಜಾರುವ ಸಡಿಲ ಮಣ್ಣು. ಚಳಿಗಾಲ ಮುಗಿದು ದಾರಿ ತೆರೆದಾಗ ಎಷ್ಟೋ ಕಡೆ ರಸ್ತೆಯೆಂಬುದೇ ಉಳಿದಿರುವುದಿಲ್ಲ. ಡಾಂಬರು ಹಾಕಲು ಬೇಕಾದಷ್ಟು ಬಿಸಿ ಸಿಗುವ ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಅದನ್ನು ಮತ್ತೆ ಕಟ್ಟಬೇಕು. 1960ರ ಮೇ 7ರಂದು ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆ, ಎಲ್ಲರ ಬಾಯಲ್ಲಿ ಬಿಆರ್‌ಒ, ಆರು ದಶಕಗಳಿಂದ ಮಾಡುತ್ತಿರುವುದು ಈ ಮುಗಿಯದ ಕೆಲಸವನ್ನು. ಅದರ ಹಳದಿ ಫಲಕಗಳ ಮೇಲಿನ ಪ್ರಾಸಬದ್ಧ ಎಚ್ಚರಿಕೆಗಳು ಎಲ್ಲರ ಮೊಬೈಲಿನಲ್ಲೂ ಇವೆ. ಫಲಕದಿಂದ ಹತ್ತು ಹೆಜ್ಜೆ ಆಚೆ ಸಲಿಕೆ ಹಿಡಿದು ನಿಂತವರು ಫೋಟೊದ ಚೌಕಟ್ಟಿನೊಳಗೆ ಬರುವುದಿಲ್ಲ.

ಅವರಲ್ಲಿ ಬಹಳ ಮಂದಿ ಝಾರ್ಖಂಡಿನ ದುಮ್ಕಾ ಕಡೆಯವರು. 2020ರ ಜೂನ್‌ನಲ್ಲಿ, ಕೊರೊನಾ ನಡುವೆಯೇ, ದುಮ್ಕಾದಿಂದ ಇವರನ್ನು ಹೊತ್ತ ವಿಶೇಷ ರೈಲೊಂದು ಲಡಾಖ್‌ನ ಕೆಲಸಕ್ಕೆಂದು ಹೊರಟದ್ದು ಸುದ್ದಿಯಾಗಿತ್ತು. ಬಿಸಿಲಿನ ನಾಡಿನಿಂದ ಬಂದು ಇಂಥ ಎತ್ತರದಲ್ಲಿ ಬೇಸಿಗೆಯುದ್ದಕ್ಕೂ ದುಡಿದು, ಹಿಮ ಬೀಳುವ ಮೊದಲು ಮನೆಗೆ ಮರಳುತ್ತಾರೆ. ಬಾರಾಲಾಚಾ ಲಾ ಇಳಿದ ಮೇಲೆ ಕೆಲಸ ನಡೆಯುತ್ತಿದ್ದ ಒಂದು ಕಡೆ ವಾಹನಗಳನ್ನು ತಡೆದಿದ್ದರಿಂದ ನಾನು ಬೈಕ್ ಆರಿಸಿ ಕುಳಿತು ನೋಡಿದೆ. ಉದ್ದಕ್ಕೆ ಸೀಳಿದ ಪೀಪಾಯಿಯಲ್ಲಿ ಡಾಂಬರು ಕುದಿಯುತ್ತಿತ್ತು. ಹೊಗೆ ಗಾಳಿಗೆ ಹಿಂದೆಮುಂದೆ ಹೊರಳಿದಂತೆಲ್ಲ ಅದರ ಸುತ್ತ ನಿಂತವರೂ ಒಂದೊಂದು ಹೆಜ್ಜೆ ಸರಿಯುತ್ತಿದ್ದರು. ಬೂಟಿನ ಮೇಲೆ ಗೋಣಿಚೀಲ ಸುತ್ತಿ ಹಗ್ಗದಿಂದ ಬಿಗಿದಿದ್ದರು, ಮುಖಕ್ಕೆ ಬಟ್ಟೆ. ಒಬ್ಬ ಹುಡುಗ, ಇಪ್ಪತ್ತರ ಆಸುಪಾಸು, ತೂತು ಮಾಡಿದ ಡಬ್ಬಿಯಿಂದ ಜಲ್ಲಿಯ ಮೇಲೆ ಡಾಂಬರನ್ನು ಗೆರೆಗೆರೆಯಾಗಿ ಸುರಿಯುತ್ತಾ ಹಿಂದಕ್ಕೆ ನಡೆಯುತ್ತಿದ್ದ. ಅಂಗಳದಲ್ಲಿ ಎಳೆ ಹಿಡಿದು ರಂಗೋಲಿ ಬಿಡುವವರ ಕೈಯಂತೆ ಅವನ ಕೈ ಎಲ್ಲೂ ತಡೆಯುತ್ತಿರಲಿಲ್ಲ. ಬಿಡುವಾದಾಗ ಹತ್ತಿರ ಬಂದು ಬೈಕಿನ ನಂಬರ್ ಪ್ಲೇಟ್ ನೋಡಿ, ಕೆಎ ಎಂದರೆ ಯಾವ ಊರು ಎಂದು ಹಿಂದಿಯಲ್ಲಿ ವಿಚಾರಿಸಿದ. ಹೇಳಿದೆ. ಎಷ್ಟು ದೂರ ಎಂದ. ಅದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಭಯ್ಯಾ, ನಿಮ್ಮ ಕಡೆ ರಸ್ತೆ ಇಲ್ಲವಾ?’ ಎಂದು ಕೇಳಿದ. ವ್ಯಂಗ್ಯವೇನೂ ಇರಲಿಲ್ಲ, ಅವನಿಗೆ ನಿಜಕ್ಕೂ ತಿಳಿದುಕೊಳ್ಳಬೇಕಿತ್ತು.

ಏಕಾಂತವನ್ನು ಹುಡುಕಿ ಹೋದೆವೆಂದು ಬರೆಯುವವರನ್ನು ಕಂಡಾಗ ನನಗೆ ಆ ಹುಡುಗ ನೆನಪಾಗುತ್ತಾನೆ. ಆ ರಸ್ತೆಯಲ್ಲಿ ಏಕಾಂತ ಎಲ್ಲಿದೆ? ಚಕ್ರ ಉರುಳುವ ಪ್ರತಿ ಮಾರು ನೆಲವೂ ಅದೇ ವರ್ಷ ಯಾರದೋ ಕೈ ಆಡಿದ ನೆಲ. ಸರ್ಚು ದಾಟಿದ ಮೇಲೆ ಸಿಗುವ ಗಾಟಾ ಲೂಪ್ಸ್ ಎಂಬ 21 ತಿರುವುಗಳ ಏರಿನಲ್ಲಿ ಒಂದು ಪುಟ್ಟ ಗುಡಿಯಂಥದ್ದಿದೆ; ಅದರ ಸುತ್ತ ನೀರಿನ ಬಾಟಲಿಗಳ ರಾಶಿ. ಕೆಟ್ಟು ನಿಂತ ಲಾರಿಯ ಬಳಿ ಕಾವಲಿದ್ದ ಕ್ಲೀನರ್, ಡ್ರೈವರ್ ಸಹಾಯ ತರುವುದರೊಳಗೆ ಹಿಮಪಾತಕ್ಕೆ ಸಿಕ್ಕಿ, ಚಳಿ ಮತ್ತು ಬಾಯಾರಿಕೆಯಿಂದ ಸತ್ತನೆಂದು ಕಥೆ. ಅವನ ದೆವ್ವ ನೀರು ಕೇಳುತ್ತದೆಂದು ಹೋಗಿ ಬರುವವರೆಲ್ಲ ಬಾಟಲಿ ಇಡುತ್ತಾರೆ. ದೆವ್ವವನ್ನು ನಾನು ನಂಬುವುದಿಲ್ಲ, ಆದರೆ ಆ ಕಥೆಯನ್ನು ಉಳಿಸಿಕೊಂಡವರಿಗೆ ಆ ಜಾಗದಲ್ಲಿ ಯಾವುದು ದೊಡ್ಡದೆಂಬುದು ಗೊತ್ತಿತ್ತು. ಅಲ್ಲಿ ನಿಂತ ವಾಹನವನ್ನು ಕಂಡೂ ನಿಲ್ಲಿಸದೆ ಹೋಗುವವರಿಲ್ಲ. ಸುಮಾರು 40 ಕಿಲೋಮೀಟರ್ ಚಾಚಿದ ಮೋರೆ ಬಯಲಿನಲ್ಲಿ ನನ್ನ ಹಿಂದಿನ ಟೈರಿನ ಗಾಳಿ ಹೋದಾಗ, ಟ್ಯೂಬು ಬದಲಿಸಿ ಕೈಪಂಪಿನಲ್ಲಿ ಗಾಳಿ ತುಂಬಲು ಕುಳಿತರೆ ಒಂದಿಷ್ಟು ಸಲ ಒತ್ತುವಷ್ಟರಲ್ಲಿ ಏದುಸಿರು. ಮುಂದಿನಿಂದ ಬಂದ ಟ್ಯಾಂಕರಿನವರು ಏನೂ ಕೇಳದೆ ಇಳಿದು, ಪಂಪನ್ನು ಕೈಗೆತ್ತಿಕೊಂಡು, ಸರದಿಯಲ್ಲಿ ತುಂಬಿಸಿಕೊಟ್ಟು, ಚಹಾ ಕೂಡ ಕುಡಿಯದೆ ಹೋದರು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಇದೇ ಆಗಿದ್ದರೆ ಹಾರ್ನ್ ಕೇಳಿಸುತ್ತಿತ್ತು. ಬೆಂಗಳೂರಿನವರು ಕೆಟ್ಟವರೆಂದಲ್ಲ, ಇಲ್ಲಿ ಇನ್ನೊಬ್ಬರು ನಿಲ್ಲಿಸುತ್ತಾರೆಂದು ಎಲ್ಲರೂ ಭಾವಿಸಬಹುದು, ಅಲ್ಲಿ ಹಾಗೆ ಭಾವಿಸುವಂತಿಲ್ಲ.

ಹಾಗಾದರೆ ಅರ್ಥ ಸಿಕ್ಕಿತೇ ಎಂದು ಪಟ್ಟು ಹಿಡಿದರೆ ಹೇಳುತ್ತೇನೆ: ನನ್ನ ಬದುಕಿನದಲ್ಲ. ಪ್ರತಿವರ್ಷ ಕಿತ್ತುಹೋಗುತ್ತದೆಂದು ಗೊತ್ತಿದ್ದೂ ಪ್ರತಿವರ್ಷ ರಸ್ತೆ ಹಾಕುವುದರಲ್ಲಿ, ಹೆಸರು ತಿಳಿಯದವನ ಟೈರಿಗೆ ಗಾಳಿ ತುಂಬಿ ಹೋಗುವುದರಲ್ಲಿ ಏನೋ ಇದೆ ಎಂಬುದು ಕಣ್ಣಿಗೆ ಬಿತ್ತು. ಅವರು ಅದನ್ನು ಹುಡುಕಿಕೊಂಡು ಅಲ್ಲಿಗೆ ಬಂದವರಲ್ಲ. ಕೂಲಿಗಾಗಿ, ಬಾಡಿಗೆಗಾಗಿ ಬಂದವರು.

ಇಷ್ಟಕ್ಕೆ ಬೆಟ್ಟವೇ ಬೇಕಿತ್ತೇ ಎಂಬುದು ಮುಂದಿನ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಲೇಹ್‌ನಿಂದ ಆಗ್ನೇಯಕ್ಕೆ, ಚುಮಾಥಾಂಗ್, ನ್ಯೋಮಾ, ಲೋಮಾ ದಾಟಿದರೆ ಹಾನ್ಲೆ ಸಿಗುತ್ತದೆ. ಅಲ್ಲಿ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಒಣ, ತೆಳು ಗಾಳಿ ಮತ್ತು ಗಾಢ ಕತ್ತಲೆ ಇರುವ ಆ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವವರು ಇರುವುದು ಮಾತ್ರ ಹಾನ್ಲೆಯಲ್ಲಲ್ಲ. ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಿಯಂತ್ರಿಸುವ ಕೇಂದ್ರ ಹೊಸಕೋಟೆಯ ಶಿಡ್ಲಘಟ್ಟ ರಸ್ತೆಯಲ್ಲಿದೆ. ಭಾನುವಾರ ನಸುಕಿನಲ್ಲಿ ಬೆಂಗಳೂರಿನ ಬೈಕಿನವರು ಮಟನ್ ಬಿರಿಯಾನಿಗೆ ಸಾಲು ನಿಲ್ಲುತ್ತಾರಲ್ಲ, ಅದೇ ಹೊಸಕೋಟೆ. ನಾವು ಹಿಮಾಲಯಕ್ಕೆ ಹೋಗಿ ತಲೆಯೆತ್ತಿ ನೋಡುವ ಆಕಾಶವನ್ನು ನಮಗಿಂತ ಎಷ್ಟೋ ಪಾಲು ಚೆನ್ನಾಗಿ ನೋಡುವವರು ನಮ್ಮ ಬಿರಿಯಾನಿಯ ಪಕ್ಕದಲ್ಲೇ ಕುಳಿತಿದ್ದಾರೆ.

ಇದನ್ನು ಹೇಳಿದಾಗ ಕಚೇರಿಯ ಹುಡುಗನೊಬ್ಬ, ‘ಹಾಗಾದ್ರೆ ಹೊಸಕೋಟೆಗೆ ಹೋದ್ರೆ ಸಾಕಲ್ಲ ಸರ್’ ಎಂದ. ದೂರದರ್ಶಕದ ಕನ್ನಡಿಯಂತೂ ಹಾನ್ಲೆಯಲ್ಲೇ ಇರಬೇಕಲ್ಲಯ್ಯಾ, ಎಂದೆ. ಸೆಪ್ಟೆಂಬರ್‌ನಲ್ಲಿ, ನಾಲಾಗಳ ನೀರು ಇಳಿದ ಮೇಲೆ ಹೊರಡುವುದಾಗಿ ಹೇಳಿದ್ದಾನೆ. ನನ್ನ ಕೈಪಂಪು ಈಗ ಅವನ ಬಳಿ ಇದೆ. ಸರ್ಚುವಿಗೆ ಮೊದಲು, ಅದಕ್ಕಿಂತ ತಗ್ಗಿನಲ್ಲಿರುವ ಜಿಸ್ಪಾದಲ್ಲಿ ಎರಡು ರಾತ್ರಿ ಉಳಿಯಬೇಕು ಎಂಬ ಷರತ್ತಿನ ಮೇಲೆ ಕೊಟ್ಟಿದ್ದೇನೆ.